ಕಮಲಾಪುರದ ಲೆಕ್ಕದಲ್ಲಿ ನಾನು ಹಿಡಿದ ತಪ್ಪು

ಪ್ಲೇಗಿನ ಆ ವರ್ಷ ಕಲಬುರ್ಗಿಯ ದವಾಖಾನೆಯಲ್ಲಿ ನಾವಿಬ್ಬರು ಗುಮಾಸ್ತರಿದ್ದೆವು. ಅಕ್ಷರ ನನ್ನದೇ ಚೆಂದ, ಸರ್ಕಾರಿ ಕಾಗದಪತ್ರದ ಉರ್ದು ನನ್ನದೇ ಶುದ್ಧ. ಆದರೂ ಡಾಕ್ಟರ್ ಸಾಹೇಬರು ಕಮಲಾಪುರಕ್ಕೆ ಕಳಿಸಿದ್ದು ಆ ಇನ್ನೊಬ್ಬನನ್ನು. ಪ್ಲೇಗಿನ ಸೂಜಿ ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿ ಸತ್ತರು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು ಎಂದು ಅವನು ಬರೆದು ತಂದ. ಸೂಜಿಯವರಲ್ಲಿ ಸಾವು ತೀರ ಕಡಿಮೆ. ಸಾಹೇಬರು ಎದ್ದು ನಿಂತು "ಶಾಬಾಶ್!" ಎಂದರು. ನನಗೆ ಕೂತಲ್ಲಿಂದಲೂ ಹಾಗೆ ಅಂದವರಲ್ಲ. ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ?

ಶುಕ್ರವಾರದ ರಜೆಗೆ ಗಾಡಿ ಹತ್ತಿ ನಾನೇ ಕಮಲಾಪುರಕ್ಕೆ ಹೋದೆ, ತಪ್ಪು ಹುಡುಕಲೆಂದೇ. ಸಿಕ್ಕಿತು. ಇಲಿ ಸತ್ತು ಬಿದ್ದ ಕೂಡಲೇ ನಮ್ಮ ಕಡೆ ಹೊಲವಿದ್ದವರು ಮನೆ ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಳ್ಳುತ್ತಾರೆ. ಸೂಜಿ ಚುಚ್ಚಿದ್ದು ಬಹುಪಾಲು ಆ ಜೋಪಡಿಗಳಲ್ಲಿ. ಚುಚ್ಚಿಸಿಕೊಳ್ಳದವರು ಹೆಚ್ಚಾಗಿ ಇಲಿ ಸತ್ತ ಮನೆಗಳಲ್ಲೇ ಉಳಿದವರು. ಹಾಗಾದರೆ ಜೀವ ಉಳಿಸಿದ್ದು ಸೂಜಿಯೋ, ಹೊಲವೋ? ಮರುದಿನ ಎಲ್ಲರೆದುರೇ ಕೇಳಿದೆ. ಅವನ ಮುಖ ಸಪ್ಪಗಾಯಿತು. ನನಗೆ ಹಬ್ಬ.

ಅಂದು ಮನೆಯಲ್ಲಿ ಹೆಂಡತಿ ಕೇಳಿದಳು: "ನಾಳಿ ನಮ್ಮ ಬ್ರಹ್ಮಪುರ ಓಣ್ಯಾಗ ಸೂಜಿ ಹಾಕಾಕ ಬರ್ತಾರಂತ್ರೀ. ಹೋಗ್ಲೇನ್ರೀ?"

"ಬ್ಯಾಡ. ಅಂವನ ಲೆಕ್ಕಾನ ಸುಳ್ಳ ಅದ."

ಲೆಕ್ಕ ಕೆಟ್ಟಿದೆ ಎಂದ ಮಾತ್ರಕ್ಕೆ ಸೂಜಿ ಕೆಲಸಕ್ಕೆ ಬಾರದು ಎಂದಾಗುವುದಿಲ್ಲ. ಇನ್ನೂ ಗೊತ್ತಿಲ್ಲ ಎಂದಷ್ಟೇ. ಅದು ನನಗೆ ತಿಳಿದಿತ್ತು. ದವಾಖಾನೆಯ ಹುಕುಮಿನಂತೆ ನನ್ನ ತೋಳಿಗೆ ಎಂದೋ ಚುಚ್ಚಿದ್ದರು. ಅವನಿಗೆ ಶಾಬಾಶ್ ತಂದ ಸೂಜಿ ಎಂಬ ಸಿಟ್ಟಿಗೇ ಅವಳನ್ನು ತಡೆದೆ.

ಅವನು ಜಗಳಕ್ಕೆ ಬರಲಿಲ್ಲ. ಮತ್ತೆ ಕಮಲಾಪುರಕ್ಕೆ ಹೋಗಿ ಜೋಪಡಿಯವರನ್ನಷ್ಟೇ ಎಣಿಸಿದ: ಅಲ್ಲೇ ಇದ್ದು ಸೂಜಿ ಒಲ್ಲೆ ಎಂದವರೆಷ್ಟು, ಚುಚ್ಚಿಸಿಕೊಂಡವರೆಷ್ಟು, ಎರಡೂ ಗುಂಪಿನಲ್ಲಿ ಸತ್ತವರೆಷ್ಟು. ಅಂತರ ಮೊದಲಿನಷ್ಟಿರಲಿಲ್ಲ. ಆದರೂ ಸೂಜಿಯವರಲ್ಲಿ ಸಾವು ಕಡಿಮೆಯೇ ಇತ್ತು. ಆ ಕಾಗದ ಹಿಡಿದು, ಸಾಹೇಬರಿಗೂ ತೋರಿಸದೆ, ಮೊದಲು ನನ್ನ ಮನೆಗೆ ಬಂದ.

"ನೀ ಅಂದಿದ್ದು ಖರೇ ಇತ್ತಪಾ. ನೀ ಕೇಳಲಿಲ್ಲಂದ್ರ ನಾ ಹಿಂಗ ಎಣಸ್ತಿದ್ದಿಲ್ಲ."

ಒಳಗೆ ನನ್ನ ಹೆಂಡತಿ ಜ್ವರದಲ್ಲಿ ಮಲಗಿದ್ದಳು. ಕಂಕುಳಲ್ಲಿ ಗಂಟೆದ್ದು ಎರಡು ದಿನವಾಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತು, ತಪ್ಪು ಹುಡುಕುತ್ತ, ಕಾಗದವನ್ನು ಪೂರ್ತಿ ಓದಿದೆ. ಒಂದೂ ಇರಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದ ದಿನ ಅವನೇ ಬುತ್ತಿ ತಂದ. ರೊಟ್ಟಿ, ಪುಂಡಿಪಲ್ಯ, ಅವನ ಹೆಂಡತಿ ಮಾಡಿದ್ದು. ಆಕೆಗೆ ಅವನು ಮೊದಲ ವಾರವೇ ಸೂಜಿ ಹಾಕಿಸಿದ್ದ. ನಾನು ಉಣ್ಣುವವರೆಗೂ ಪಕ್ಕದಲ್ಲೇ ಕೂತಿದ್ದ. ಆಗಲೂ ಅವನನ್ನು ಕಂಡರೆ ಮತ್ಸರವೇ: ಎದ್ದು ಹೋದರೆ ಅವನಿಗೆ ಬಾಗಿಲು ತೆಗೆಯುವವಳು ಮನೆಯಲ್ಲಿದ್ದಳು.