ಇಳಿದ ಇಪ್ಪತ್ತೆರಡು ಕಿಲೋ

ಗುಜರಿ ಅಂಗಳದಲ್ಲಿ ಅವನನ್ನು ಕರೆಯುತ್ತಿದ್ದದ್ದು ಡ್ರಮ್ಮು ಎಂದು. ಮೂರು ಚಕ್ರದ ಸರಕು ಗಾಡಿ ಓಡಿಸುವುದು ಅವನ ಕೆಲಸ. ವಾರಕ್ಕೆ ಮೂರು ಸಲ ಹಳೆಯ ಅಲ್ಯೂಮಿನಿಯಂ ತುಂಬಿಕೊಂಡು ಊರಾಚೆಯ ಎರಕದ ಕಾರ್ಖಾನೆಗೆ ಮುಟ್ಟಿಸಬೇಕು. ಒಡೆದ ಪಾತ್ರೆ, ಕಿಟಕಿ ಚೌಕಟ್ಟು, ಎಂಜಿನ್ ತುಂಡು, ಎಲ್ಲ ಮೂಟೆಗಳಲ್ಲಿ. ಆಗ ಅವನು ತೊಂಬತ್ತನಾಲ್ಕು ಕಿಲೋ ಇದ್ದ. ಅವನು ಸೀಟಿಗೆ ಕೂತರೆ ಗಾಡಿ ಒಂದು ಕಡೆಗೆ ವಾಲುತ್ತಿತ್ತು. "ಇವತ್ತಿನ ಲೋಡು ಹಿಂದೆ ಇದೆಯೋ, ಮುಂದೆ ಇದೆಯೋ?" ಎಂದು ತೂಕದ ಗುಮಾಸ್ತ ಕೇಳದ ದಿನವಿಲ್ಲ.

ಸಾಲ ಒಂದೇ ಕಡೆಯಿಂದ ಬಂದದ್ದಲ್ಲ. ಅತ್ತೆಯ ಸೊಂಟದ ಆಪರೇಷನ್ನಿಗೆ ಒಂದಷ್ಟು, ಸೋರುವ ಚಾವಣಿಗೆ ಒಂದಷ್ಟು, ಅಂಗಡಿ ತೆರೆದು ಆರೇ ತಿಂಗಳಲ್ಲಿ ಮುಚ್ಚಿದ ತಮ್ಮನಿಗೆ ಜಾಮೀನು ನಿಂತು ತಲೆಗೆ ಸುತ್ತಿಕೊಂಡದ್ದು ಒಂದಷ್ಟು. ಎಲ್ಲವನ್ನೂ ಒಟ್ಟು ಮಾಡಿ ಗಂಡಹೆಂಡತಿ ಸಹಕಾರ ಸಂಘದಲ್ಲಿ ಎರಡು ಲಕ್ಷದ ನಲವತ್ತು ಸಾವಿರ ಎತ್ತಿದರು. ಹದಿನೆಂಟು ತಿಂಗಳ ಕಂತು.

ಅತ್ತೆಯನ್ನು ತೋರಿಸಲು ಹೋದಾಗ ಡಾಕ್ಟರು ಅಳಿಯನ ಮೊಣಕಾಲನ್ನೂ ಒತ್ತಿ ನೋಡಿದ್ದರು. "ಇಪ್ಪತ್ತು ಕಿಲೋ ಇಳಿಸಿ. ಇಲ್ಲದಿದ್ರೆ ಮುಂದಿನ ಆಪರೇಷನ್ ನಿಮ್ದೇ" ಎಂದಿದ್ದರು.  ಬಸ್ಸಿನಲ್ಲಿ ಮನೆಗೆ ಬಂದು, ಬಾಗಿಲ ಬೀಗ ತೆಗೆಯುತ್ತ ಹೆಂಡತಿ ಹೇಳಿದಳು.

"ರೀ, ಎರಡನ್ನೂ ಒಟ್ಟಿಗೇ ಇಳಿಸೋಣ."

ಹಾಗೆ ಶುರುವಾಯಿತು. ಬೈಕು ಮಾರಿದ. ಮನೆಯಿಂದ ಅಂಗಳಕ್ಕೆ ಐದು ಕಿಲೋಮೀಟರು, ಹೋಗುತ್ತ ಬರುತ್ತ ನಡೆದ. ದಿನಕ್ಕೆ ಆರು ಟೀ ಎರಡಕ್ಕೆ ಬಂತು, ಸಂಜೆಯ ಕರಿದ ತಿಂಡಿ ನಿಂತಿತು. ಉಳಿದ ಚಿಲ್ಲರೆಯೆಲ್ಲ ಕಂತಿಗೆ. ಹೆಂಡತಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಳು. ಎಡಪುಟದಲ್ಲಿ ಬಾಕಿ ಸಾಲ, ಬಲಪುಟದಲ್ಲಿ ಅವನ ತೂಕ. ಪ್ರತಿ ಭಾನುವಾರ ಬೆಳಿಗ್ಗೆ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಂತು ಬಂದು ಬರೆಯಬೇಕು.

ಬೀದಿಯಲ್ಲಿ ಯಾರಾದರೂ "ಎಷ್ಟು ಇಳೀತು?" ಎಂದರೆ ಅವನು, "ಯಾವ್ದು ಸ್ವಾಮಿ, ಎಡಕ್ಕಿರೋದೋ ಬಲಕ್ಕಿರೋದೋ?" ಎನ್ನುತ್ತಿದ್ದ. ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ. ಅವನಿಗೆ ಮಾತ್ರ ಪ್ರತಿ ಸಲವೂ ನಗು ಬರುತ್ತಿತ್ತು.

ಮೂರನೆಯ ತಿಂಗಳು ಒಮ್ಮೆ ಕೈಕೊಟ್ಟ. ತಿಂಡಿ ಅಂಗಡಿಯ ಹಿಂದೆ ಗೋಡೆಗೆ ಮುಖಮಾಡಿ ನಿಂತು ಎಣ್ಣೆ ಸೋರುವ ಆರು ಬೋಂಡ ತಿಂದ. ಆ ಭಾನುವಾರ ತೂಕ ಒಂದು ಕಿಲೋ ಏರಿತ್ತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ಬೋಂಡದ ಬೆಲೆಯನ್ನೂ ಸೇರಿಸಿಯೇ ಬರೆದ. ಹೆಂಡತಿ ಪಕ್ಕದಲ್ಲಿ "ಹೊಟ್ಟೆಬಾಕ" ಎಂದು ಬರೆದು ಅಡಿಗೆರೆ ಎಳೆದಳು. ಆಮೇಲೆ ಅವನು ತಪ್ಪಲಿಲ್ಲ. ತಪ್ಪದಿರಲು ಕಾರಣ ಅವಳ ಕೈಗಳು.

ಅವಳು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ವಾರಕ್ಕೆ ಮೂರು ದಿನ ಮಡಚುವ ಮೇಜು, ಮೂರು ದಿನ ಬ್ಲೀಚಿನ ತೊಟ್ಟಿ. ಕೊಟ್ಟ ಗ್ಲೌಸು ಒಂದು ವಾರಕ್ಕೆ ತೂತಾಗುತ್ತಿತ್ತು, ಹೊಸದು ಬರುವುದು ತಿಂಗಳಿಗೆ. ಬೆರಳ ತುದಿಗಳು ಸೀಳಿ, ಚಮಚ ಹಿಡಿದರೂ ರಕ್ತ ಒಸರುತ್ತಿತ್ತು. ಅವಳ ಷರತ್ತು ಒಂದೇ ಆಗಿತ್ತು: ಸಾಲ ತೀರಿದ ದಿನ ಲಾಂಡ್ರಿ ಬಿಡುವುದು. ಅದನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದರು.

ಹದಿನೆಂಟನೆಯ ತಿಂಗಳಿಗೆ ಅವನು ಎಪ್ಪತ್ತೆರಡು ಕಿಲೋ ಆಗಿದ್ದ. ಪ್ಯಾಂಟುಗಳನ್ನು ಎರಡು ಸಲ ಒಳಗೆ ಹಿಡಿಸಿಯಾಗಿತ್ತು. ಅಂಗಳದಲ್ಲಿ ಹೆಸರೂ ಬದಲಾಗಿ, ಡ್ರಮ್ಮು ಹೋಗಿ ಪೈಪು ಎಂದಾಗಿತ್ತು. ಕೊನೆಯ ಕಂತು ಕಟ್ಟಲು ಅವನು ಒಂದು ದಿನ ರಜೆ ಕೇಳಿದ. ಯಜಮಾನ ಗೊಣಗಿಕೊಂಡೇ ಕೊಟ್ಟು, ಆ ದಿನದ ಲೋಡಿಗೆ ತನ್ನ ಭಾವಮೈದುನನನ್ನು ಕಳಿಸಿದ. ಭಾವಮೈದುನ ಒಳ್ಳೆಯ ಆಳು, ತೊಂಬತ್ತೈದು ಕಿಲೋ.

ಸಂಘದಲ್ಲಿ ಹಣ ಕಟ್ಟಿ, ಸಾಲ ತೀರಿದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಸಿಕೊಂಡು ಅವನು ಮನೆಗೆ ಬಂದ. ಹೆಂಡತಿ ಆಗಲೇ ಲಾಂಡ್ರಿಯ ಮೇಲ್ವಿಚಾರಕಿಗೆ ಹೇಳಿ ಬಂದಿದ್ದಳು, ನಾಳೆಯಿಂದ ಬರೋದಿಲ್ಲ ಎಂದು. ಇಬ್ಬರೂ ಪತ್ರವನ್ನು ಎರಡೆರಡು ಸಲ ಓದಿದರು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಹೋದರೆ, ಯಜಮಾನ ತೂಕದ ಗುಮಾಸ್ತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಖಾತೆ ಪುಸ್ತಕ ಬಿಚ್ಚಿಟ್ಟಿದ್ದ.

ಕಾರ್ಖಾನೆಯ ಗೇಟಿನಲ್ಲಿ ನಡೆಯುತ್ತಿದ್ದ ಪದ್ಧತಿ ಹೀಗೆ. ಗಾಡಿಗಳ ಸಾಲು ಉದ್ದ. ಅದಕ್ಕೇ ಪ್ರತಿ ಗಾಡಿಯ ಖಾಲಿ ತೂಕವನ್ನು ಡ್ರೈವರನನ್ನೂ ಕೂರಿಸಿಕೊಂಡೇ ಒಮ್ಮೆ ತೂಗಿ ಬರೆದಿಟ್ಟಿರುತ್ತಾರೆ. ಆಮೇಲೆ ಲೋಡು ಬಂದಾಗ, "ಇಳೀಬೇಡ, ಹಾಗೇ ಬಾ" ಎಂದು ಕೂಗುತ್ತಾರೆ. ಬಂದ ತೂಕದಿಂದ ಬರೆದ ತೂಕ ಕಳೆದರೆ ಮಾಲಿನ ತೂಕ. ಇವನ ಗಾಡಿಯ ಖಾಲಿ ತೂಕ ಬರೆದದ್ದು ಇವನು ತೊಂಬತ್ತನಾಲ್ಕು ಕಿಲೋ ಇದ್ದಾಗ. ಅವನ ಮೈಯಿಂದ ಹೋದ ಪ್ರತಿ ಕಿಲೋವನ್ನೂ ಕಾರ್ಖಾನೆ ಅಲ್ಯೂಮಿನಿಯಂನಿಂದ ಕಳೆದಿತ್ತು. ಅಂಗಳದ ತೂಕಕ್ಕೂ ಕಾರ್ಖಾನೆಯ ತೂಕಕ್ಕೂ ಬರುತ್ತಿದ್ದ ವ್ಯತ್ಯಾಸವನ್ನು ಯಜಮಾನ ಮಣ್ಣು, ತೇವ ಎಂದುಕೊಂಡು ಬಿಟ್ಟಿದ್ದ. ನಿನ್ನೆ ಭಾವಮೈದುನ ಹೋದಾಗ ಎರಡೂ ಹೆಚ್ಚುಕಡಿಮೆ ಸರಿಸಮ ಬಂದಿತ್ತು.

"ಎಷ್ಟಪ್ಪಾ ನಿನ್ನ ತೂಕ ಈಗ?" ಯಜಮಾನ ಕೇಳಿದ. ದನಿ ತಣ್ಣಗಿತ್ತು.

"ಎಪ್ಪತ್ತೆರಡು, ಯಜಮಾನ್ರೇ." ಹೇಳುವಾಗ ಅವನಿಗೆ ಸ್ವಲ್ಪ ಹೆಮ್ಮೆಯೇ ಇತ್ತು.

"ಇಪ್ಪತ್ತೆರಡು ಕಿಲೋ. ಇನ್ನೂರ ಮೂವತ್ನಾಲ್ಕು ಟ್ರಿಪ್ಪು. ಗುಣಿಸಯ್ಯಾ."

ಗುಮಾಸ್ತ ಕ್ಯಾಲ್ಕುಲೇಟರ್ ಒತ್ತಿದ. "ಐದು ಸಾವಿರದ ನೂರ ನಲವತ್ತೆಂಟು ಕಿಲೋ."

"ನನ್ನ ಐದು ಟನ್ ಮಾಲು ಎಲ್ಲಿ ಹೋಯ್ತು?"

"ಕಾರ್ಖಾನೆಯವರ ಹತ್ರ ಇದೆ, ಯಜಮಾನ್ರೇ. ಅವ್ರನ್ನ ಕೇಳಿ."

"ಕೇಳ್ದೆ. ನಿಮ್ಮ ಡ್ರೈವರು, ನಿಮ್ಮ ಗಾಡಿ, ಮತ್ತೆ ತೂಗಿ ಅಂತ ನೀವು ಯಾವತ್ತೂ ಹೇಳ್ಲಿಲ್ಲ ಅಂದ್ರು. ನ್ಯಾಯವಾಗೇ ಹೇಳಿದ್ದಾರೆ. ಯಾರು ಹೇಳ್ಬೇಕಿತ್ತು? ಇಳಿದವನು."

 ಐದು ಟನ್ನು ಎಂಬ ಮಾತು ಅವನ ತಲೆಯಲ್ಲಿ ಸುತ್ತತೊಡಗಿತು. ಅದು ತಪ್ಪು ಲೆಕ್ಕ ಎಂದು ಮಾತ್ರ ಹೊಳೆಯಿತು. ಇಪ್ಪತ್ತೆರಡು ಕಿಲೋ ಒಂದೇ ದಿನ ಹೋದದ್ದಲ್ಲವಲ್ಲ! ವಾರ ವಾರ ಸ್ವಲ್ಪ ಸ್ವಲ್ಪವೇ ಹೋದದ್ದು. "ಒಂದು ಗಂಟೆ ಕೊಡಿ, ದಾಖಲೆ ತೋರಿಸ್ತೀನಿ" ಎಂದವನೇ ಐದು ಕಿಲೋಮೀಟರನ್ನು ಹೆಚ್ಚುಕಡಿಮೆ ಓಡುತ್ತಲೇ ಮುಗಿಸಿದ. ಹೆಂಡತಿ ನೀರು ತುಂಬಲು ಹೋಗಿದ್ದಳು. ನೋಟ್‌ಬುಕ್ ತೆಗೆದುಕೊಂಡು ಹಾಗೆಯೇ ಹಿಂದಕ್ಕೆ ಓಡಿದ. ಹದಿನೆಂಟು ತಿಂಗಳ ಹಿಂದೆ ಅವನಿಂದ ಇದು ಆಗುತ್ತಿರಲಿಲ್ಲ.

ಗುಮಾಸ್ತ ಪುಟ ಪುಟ ತಿರುವಿ ಕೂಡಿಸಿದ. ಸರಾಸರಿ, ಟ್ರಿಪ್ಪಿಗೆ ಹನ್ನೆರಡು ಕಿಲೋ. ಅರ್ಧದಷ್ಟು ಹಣ ಇಳಿಯಿತು. ಅವನು ಉಸಿರು ಬಿಟ್ಟ.

ಯಜಮಾನ ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ನೋಡಿದ. ಒಂದು ಪುಟದಲ್ಲಿ ನಿಂತ. "ಹೊಟ್ಟೆಬಾಕ" ಎಂದು ಜೋರಾಗಿ ಓದಿದ. ಗುಮಾಸ್ತ ನಕ್ಕ.

"ಅಂದ್ರೆ ಪ್ರತಿ ಭಾನುವಾರ ನಿಂಗೆ ನಿನ್ನ ತೂಕ ಗೊತ್ತಿತ್ತು."

"ಹೌದು, ಆದ್ರೆ..."

"ಖಾಲಿ ತೂಕ ಬರೆಯುವಾಗ ನೀನೇ ಸೀಟಿನಲ್ಲಿ ಕೂತಿದ್ದೆ."

"ಅದು ತಲೆಗೇ ಬರ್ಲಿಲ್ಲ, ಯಜಮಾನ್ರೇ. ಆಣೆ ಮಾಡಿ ಹೇಳ್ತೀನಿ."

"ಬೆಳಿಗ್ಗೆವರೆಗೆ ನಾನೂ ಹಾಗೇ ಅಂದ್ಕೊಂಡಿದ್ದೆ, ಪಾಪ, ಗೊತ್ತಿಲ್ಲದೆ ಆಗಿದೆ ಅಂತ. ಈಗ ನೀನೇ ಬರ್ಕೊಂಡು ಬಂದು ಕೊಟ್ಟಿದ್ದೀಯ. ವಾರ ವಾರ, ತಾರೀಕು ಸಮೇತ." ಅವನು ನೋಟ್‌ಬುಕ್ಕನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ. "ಇದನ್ನ ಪೊಲೀಸರಿಗೆ ಕೊಡ್ಲಾ, ಸಂಬಳದಲ್ಲಿ ಹಿಡ್ಕೊಳ್ಲಾ? ನೀನೇ ಹೇಳು. ನಾನು ಬಲವಂತ ಮಾಡೋನಲ್ಲ."

ಕಿಲೋಗೆ ನೂರ ಹತ್ತು ರೂಪಾಯಿಯಂತೆ ಮೂರು ಲಕ್ಷದ ಎಂಟು ಸಾವಿರ ಚಿಲ್ಲರೆಯಾಗಿತ್ತು. ಯಜಮಾನ ಮುಖ ನೋಡಿ ಎಂಟು ಸಾವಿರ ಚಿಲ್ಲರೆ ಬಿಟ್ಟ. ತಿಂಗಳಿಗೆ ಹನ್ನೆರಡೂವರೆ ಸಾವಿರದಂತೆ ಎರಡು ವರ್ಷ. ಗುಮಾಸ್ತ ಬರೆದ ಕಾಗದಕ್ಕೆ ಅವನು ಸಹಿ ಹಾಕಿದ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ನಿಂತೇ ಕೇಳಿದಳು. ಕೇಳಿದ್ದು ಒಂದೇ ಪ್ರಶ್ನೆ.

"ನೋಟ್‌ಬುಕ್ ಯಾಕ್ರೀ ತಗೊಂಡ್ಹೋದ್ರಿ?"

"ಐದು ಟನ್ ಅಂದ್ರು ಕಣೇ. ಅಷ್ಟಲ್ಲ ಅಂತ ತೋರಿಸೋಣ ಅಂತ."

"ತೋರಿಸಿದ್ರಲ್ಲ."

ಆಮೇಲೆ ಅವಳು ಮುಖ ತೊಳೆದುಕೊಂಡು ಲಾಂಡ್ರಿಗೆ ಹೊರಟಳು. ಮೇಲ್ವಿಚಾರಕಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. ಮಡಚುವ ಮೇಜಿಗೆ ಆಗಲೇ ಬೇರೆ ಹುಡುಗಿ ಬಂದಿದ್ದಾಳಂತೆ. "ತೊಟ್ಟಿ ಕಡೆ ಖಾಲಿ ಇದೆ ನೋಡಮ್ಮ, ಆರೂ ದಿನ. ಆದ್ರೆ ಹೊಸಬರ ಸಂಬಳವೇ. ಬಿಟ್ಟು ಬಂದವಳಲ್ವಾ ನೀನು?" ಹೆಂಡತಿ ಆಗಲಿ ಎಂದಳು. ಆ ಮಧ್ಯಾಹ್ನವೇ ಹಳೆಯ ಗ್ಲೌಸು ಹಾಕಿಕೊಂಡು ತೊಟ್ಟಿಯ ಮುಂದೆ ನಿಂತಳು.

ಕಾರ್ಖಾನೆಯ ಪುಸ್ತಕದಲ್ಲಿ ಖಾಲಿ ತೂಕ ತಿದ್ದಿಸಲು ಅರ್ಜಿ, ಎರಡು ಸಹಿ, ಹದಿನೈದು ದಿನದ ಓಡಾಟ. ಯಜಮಾನನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಸುಲಭದ ದಾರಿ ಅವನೇ ಹುಡುಕಿದ. ಅಂಗಳದ ಮೂಲೆಯಿಂದ ತುಕ್ಕು ಹಿಡಿದ ಕಬ್ಬಿಣದ ಗಟ್ಟಿಗಳನ್ನು ಆರಿಸಿ, ಸರಿಯಾಗಿ ಇಪ್ಪತ್ತೆರಡು ಕಿಲೋ ತೂಗಿಸಿ, ಡ್ರೈವರ್ ಸೀಟಿನ ಹಿಂದೆ ಇಡಲು ಹೇಳಿದ. ಲೋಡು ಹೋಗುವ ದಿನ ಡ್ರೈವರೇ ಹೊತ್ತು ತಂದು ಇಡಬೇಕು, ಸಂಜೆ ಅವನೇ ಇಳಿಸಿ ಲೆಕ್ಕ ಕೊಡಬೇಕು. ಒಂದು ಗಟ್ಟಿ ಕಡಿಮೆಯಾದರೂ ಅದರ ಬೆಲೆ ಸಂಬಳದಲ್ಲಿ ಮುರಿದುಕೊಳ್ಳುವುದು. ಪ್ರತಿ ಸೋಮವಾರ ಅವನು ಎಲ್ಲರ ಮುಂದೆ ಅಂಗಳದ ತಕ್ಕಡಿಯ ಮೇಲೆ ಚಪ್ಪಲಿ ಬಿಟ್ಟು ನಿಲ್ಲಬೇಕು.

"ಏರಿದ್ರೆ ಕಬ್ಬಿಣ ತೆಗೀತೀವಿ, ಇಳಿದ್ರೆ ಹಾಕ್ತೀವಿ. ನಿಂಗೇನೂ ನಷ್ಟ ಇಲ್ಲ" ಎಂದ ಯಜಮಾನ.

ಮೊದಲ ಸೋಮವಾರ ಎಪ್ಪತ್ತೊಂದು ಬಂತು. ಆ ವಾರವಿಡೀ ಅವನಿಗೆ ಊಟ ಸೇರಿರಲಿಲ್ಲ. ಗುಮಾಸ್ತ ಗುಡ್ಡೆಯಲ್ಲಿ ಕೈಯಾಡಿಸಿ ಒಂದು ಕಿಲೋದ ತುಂಡು ಹುಡುಕಿ ಕೊಟ್ಟ. ಅವನು ಅದನ್ನು ಉಳಿದವುಗಳ ಮೇಲೆ ಇಟ್ಟು, ಅಲುಗಾಡದಂತೆ ಹಗ್ಗ ಬಿಗಿದು, ಗಾಡಿ ಶುರುಮಾಡಿದ.