ನಾನೇ ಹಾಕಿದ ಟಿಕ್

ಸ್ನೇಹಿತರೇ, ಬೆಳಗಿನ ಜಾವ ಗಂಡ ತೀರಿಹೋದಂತೆ ಕನಸು ಬಿತ್ತು. ಎದ್ದು, ಇವರನ್ನೂ ಕರೆದುಕೊಂಡು ವಿದ್ಯಾನಗರದ ಸರ್ಕಾರಿ ಆಫೀಸಿಗೆ ಬಸ್ಸು ಹತ್ತಿದೆ. ಮನೆ ರಿಪೇರಿಯ ಸಹಾಯಧನದ ಅರ್ಜಿ, ನಮ್ಮ ಗಡಿನಾಡಿನಲ್ಲಿ ಎಲ್ಲದರಂತೆ, ಮಲಯಾಳದಲ್ಲಿತ್ತು. ನಾನು ಐದನೇ ಕ್ಲಾಸಿಗೆ ಕನ್ನಡ ಶಾಲೆ ಬಿಟ್ಟವಳು, ಅಂದಾಜಿನಲ್ಲಿ ಟಿಕ್ ಹಾಕಿದ್ದೆ.

"ಚೇಚಿ, ಅಕ್ಕಾ, ವಿಧವೆ ಅಂತ ಹಾಕಿದ್ದೀರಲ್ಲ?" ಎಂದಳು ಆಫೀಸಿನ ಕ್ಲರ್ಕ್.

ಪಕ್ಕದಲ್ಲಿದ್ದ ಇವರು ನಕ್ಕರು. "ಹೋಗ್ಲಿ ಮಾರಾಯ್ತಿ, ನಾನು ಇಲ್ಲೇ ಇದ್ದೇನಲ್ಲ."

"ಇಷ್ಟಾದರೂ ನಿಮಗೆ ನನ್ನನ್ನು ಬೈಲಿಕ್ಕೂ ಬರುವುದಿಲ್ವಾ?" ಎಂದು ಎಲ್ಲರೆದುರು ಅವರ ಮೇಲೆಯೇ ಹರಿಹಾಯ್ದೆ.

ಬರುವಾಗ ಬಸ್ಸಿನಲ್ಲಿ ಬೇರೆ ಬೇರೆ ಸೀಟು. ತಪ್ಪು ನನ್ನದು, ಅದನ್ನು ತಡೆದುಕೊಳ್ಳಲಾಗದೆ ಪ್ರತಿಸಲ ಅವರನ್ನೇ ಕಚ್ಚುತ್ತೇನೆ. ಹೀಗೇ ಆದರೆ ಇವರು ಮಾತಾಡುವುದನ್ನೇ ಬಿಟ್ಟಾರು.

ತಿದ್ದಿದ ಅರ್ಜಿಯ ಫೋಟೋ ಹಾಕಿದ್ದೇನೆ. ಮಲಯಾಳ ಬಲ್ಲವರು ದಯವಿಟ್ಟು ಇನ್ನೊಮ್ಮೆ ನೋಡಿ, ಗಂಡ ಇದ್ದಾರೆ ಎಂದೇ ಉಂಟಲ್ಲವೇ?