ಸತೀಶಣ್ಣನ ಹೆಂಡತಿಯ ಹೆಸರು

ನನ್ನ ಫೋನಿನಲ್ಲಿರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಹೆಸರಿಲ್ಲ. ಪ್ರಕಾಶ್ ವೈಫ್, ಡಿಸೋಜ ವೈಫ್, ಸೂರ್ ಪಟ್ಟಣದ ಶೆಟ್ರ ವೈಫ್, ಹೀಗೆ. ಮಸ್ಕತ್ತಿನಲ್ಲಿ ನಮಗೆಲ್ಲ ಪರಿಚಯವಾಗುವುದೇ ಹಾಗೆ. ಮೊದಲು ಗಂಡಸರಿಗೆ ಗುರುತಾಗುತ್ತದೆ, ಆಮೇಲೆ ರಜೆಯ ಒಂದು ಶುಕ್ರವಾರ ನಾವು ನೀರುದೋಸೆಯ ಡಬ್ಬ ಹಿಡಿದುಕೊಂಡು ಹಿಂದಿನಿಂದ ಬರುತ್ತೇವೆ. ಕರೆಯುವುದಕ್ಕೆ ನಮ್ಮೂರಿನ ‘ಮಾರಾಯ್ರೆ’ ಇದೆಯಲ್ಲ. ಆ ಒಂದು ಶಬ್ದ ಇದ್ದರೆ ಹೆಸರು ಗೊತ್ತಿಲ್ಲದೆಯೇ ಒಬ್ಬರ ಜೊತೆ ಆಯುಷ್ಯ ಕಳೆಯಬಹುದು.

ಹೇಳಲು ನಾಚಿಕೆಯಾಗುತ್ತದೆ, ನಾನು ಮಂಗಳೂರಿನಲ್ಲಿ ಲಾ ಓದಿದವಳು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಕೂಡಲೇ ಗಂಡ ಹೆಂಡತಿ ಸೇರಿ ಒಬ್ಬರೇ ವ್ಯಕ್ತಿ, ಆ ವ್ಯಕ್ತಿ ಗಂಡ, ಎಂದು ಲೆಕ್ಚರರ್ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಕೂತು ನಕ್ಕು ಸಾಕಾಗಿತ್ತು. ಹೆಂಡತಿ ಕರಾರು ಮಾಡುವಂತಿಲ್ಲ, ಸ್ವಂತ ಹೆಸರಿನಲ್ಲಿ ದಾವೆ ಹೂಡುವಂತಿಲ್ಲ, ಅವಳು ದುಡಿದದ್ದೂ ಗಂಡನದ್ದೇ. ಅಂಥವಳನ್ನು ‘ಮುಚ್ಚಿದ ಹೆಂಗಸು’ ಎನ್ನುತ್ತಿದ್ದರಂತೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಪಾಪ, ಇಂಗ್ಲೆಂಡಿನ ಹೆಂಗಸರು ಎಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಅದೇ ಕನಿಕರವನ್ನು ಕಪ್ಪು ಅಬಾಯಾ ತೊಟ್ಟ ಒಮಾನಿ ಹೆಂಗಸರ ಕಡೆಗೆ ತಿರುಗಿಸಿದೆ. ಕನಿಕರದ ವಿಷಯದಲ್ಲಿ ನಾನೆಂದೂ ಜುಗ್ಗತನ ಮಾಡಿದವಳಲ್ಲ.

ಕಳೆದ ವಾರ ಖುರುಮ್‌ನ ನಮ್ಮ ಆಫೀಸಿನಲ್ಲಿ ಅಕೌಂಟ್ಸ್‌ಗೆ ಒಬ್ಬರು ಬೇಕಾದರು. ನಾವಿರುವ ಬಿಲ್ಡಿಂಗಿನ ಸತೀಶಣ್ಣನ ಹೆಂಡತಿ ಕೂಡಲೇ ನೆನಪಾದರು. ಉಡುಪಿಯವರು, ಎಂ.ಕಾಂ. ಮಾಡಿ ಮದುವೆಗೆ ಮೊದಲು ಬ್ಯಾಂಕಿನಲ್ಲಿದ್ದವರು. ‘ಮನೆಯಲ್ಲಿ ಕೂತು ಕೂತು ತಲೆಗೆ ತುಕ್ಕು ಹಿಡಿದಿದೆ ಮಾರಾಯ್ರೆ, ಯಾವ ಕೆಲಸವಾದರೂ ಸರಿ’ ಎಂದು ನನ್ನೆದುರು ಕಣ್ಣೀರು ಹಾಕಿದ್ದರು. ನಾನು ಜ್ವರ ಬಂದು ಮಲಗಿದಾಗ ದಿನಾ ಗಂಜಿ ತಂದುಕೊಟ್ಟವರು. ನಮ್ಮ ಮ್ಯಾನೇಜರ್ ಬದ್ರಿಯಾ, ಒಮಾನಿ ಹೆಂಗಸು. ಅವರ ಮುಂದೆ ನಿಂತು ಈ ಗೆಳತಿಯನ್ನು ಬಾಯ್ತುಂಬ ಹೊಗಳಿದೆ.

‘ಹೆಸರು?’ ಎಂದರು ಬದ್ರಿಯಾ.

‘ಮಿಸೆಸ್ ಸತೀಶ್.’

‘ಅದು ಗಂಡನದ್ದಲ್ಲವಾ? ಅವರದ್ದು?’

ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಬದ್ರಿಯಾ ಸಿಟ್ಟಾಗಲಿಲ್ಲ, ಅದೇ ಕಷ್ಟವಾದದ್ದು. ‘ನಿಮ್ಮಲ್ಲಿ ಮದುವೆಯಾದರೆ ಹೆಸರು ಹೋಗುತ್ತದಾ? ನಮ್ಮಲ್ಲಿ ಅಪ್ಪನ ಹೆಸರು ಕೊನೆತನಕ ಇರುತ್ತದೆ. ಗಂಡ ಬಂದ ಅಂತ ಅಪ್ಪ ಬದಲಾಗುತ್ತಾನಾ?’ ಎಂದು ನಿಜವಾದ ಕನಿಕರದಿಂದ ಕೇಳಿದರು. ಅಪ್ಪನೂ ಗಂಡಸೇ ಅಲ್ಲವಾ ಎಂದು ವಾದಿಸಬಹುದಿತ್ತು. ಗೆಳತಿಯ ಹೆಸರು ಗೊತ್ತಿಲ್ಲದವಳಿಗೆ ವಾದ ಎಲ್ಲಿಂದ ಬರಬೇಕು. ಊಟದ ಹೊತ್ತಿನೊಳಗೆ ಹೆಸರು ತಿಳಿಸಿ, ಇಲ್ಲದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದರು.

ಕಾರಿಡಾರಿಗೆ ಬಂದೆ. ಸತೀಶಣ್ಣನನ್ನೇ ಕೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಹೆಂಡತಿಯ ಹೆಸರನ್ನೂ ಗಂಡನಿಂದಲೇ ಕೇಳುವುದಾ ಎಂದು ಫೋನನ್ನು ಕೆಳಗಿಳಿಸಿದೆ. ಕೊನೆಗೆ ಆ ಗೆಳತಿಗೇ ಫೋನ್ ಮಾಡಿದೆ.

‘ಕೆಲಸ ಸಿಗುವ ಹಾಗಿದೆ ಮಾರಾಯ್ರೆ. ಆದರೆ ನನಗೆ ನಿಮ್ಮ ಹೆಸರು ಗೊತ್ತಿಲ್ಲ.’

‘ಜಲಜಾಕ್ಷಿ’ ಎಂದರು ಮೆಲ್ಲಗೆ.

‘ಬೇಜಾರಾಯ್ತಾ?’

‘ಎಂತ ಬೇಜಾರು,’ ಎಂದರು ಜಲಜಾಕ್ಷಿ. ‘ನಾಳೆ ಆಫೀಸಿಗೆ ಬಂದು ನಾನು ಯಾರನ್ನು ಕೇಳಬೇಕು ಹೇಳಿ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ.’